ನೋಟಿನ ಮೇಲಿದ್ದ ಮುಖ ಅವನದ್ದಲ್ಲ! ಡಚ್ಚರ ರೀಬೆಕ್ ಕಥೆ

ನೋಟು ಕೈಗೆ ಬಂದ ಕೂಡ್ಲೇ ಅಂಗಡಿಯವರ ಕಣ್ಣು ಹೋಗೋದು ಅದರ ಮೇಲಿನ ಮುಖದ ಕಡೆ. ದಕ್ಷಿಣ ಆಫ್ರಿಕಾದ ಜನರೂ ದಶಕಗಟ್ಟಲೆ ಹೀಗೆ ನೋಡಿದ್ದು ಉದ್ದ ಕೂದಲಿನ, ಬಿಳಿ ಕಾಲರಿನ ಒಂದು ಮುಖವನ್ನು. ಅದು ಯಾನ್ ವಾನ್ ರೀಬೆಕ್ ಅಂತಲೇ ನಂಬಿದ್ರು.

ಈ ರೀಬೆಕ್ ಹುಟ್ಟಿದ್ದು 1619ರಲ್ಲಿ, ಹಾಲೆಂಡಿನಲ್ಲಿ. ಅಪ್ಪ ಶಸ್ತ್ರವೈದ್ಯ. ಈತನೂ ಅದೇ ಕಸುಬು ಕಲಿತು ಡಚ್ ಈಸ್ಟ್ ಇಂಡಿಯಾ ಕಂಪನಿ ಸೇರಿದ. ಆದ್ರೆ ಕಂಪನಿ ಸಂಬಳ ತಗೊಂಡು ಒಳಗೊಳಗೇ ಸ್ವಂತ ವ್ಯಾಪಾರ ಮಾಡಿ ಸಿಕ್ಕಿಬಿದ್ದ. ವಾಪಸ್ ಕರೆಸಿದ್ರು.

ಮತ್ತೆ ಅವಕಾಶ ಸಿಕ್ಕಿತು. 1652ರ ಏಪ್ರಿಲ್ 6ರಂದು ಈಗಿನ ಕೇಪ್‌ಟೌನ್ ಇರುವ ಜಾಗದಲ್ಲಿ ಇಳಿದ. ಏಷ್ಯಾಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸೋದೇ ಕೆಲಸ. ಮಣ್ಣಿನ ಕೋಟೆ ಕಟ್ಟಿಸಿದ, ತೋಟ ಹಾಕಿಸಿದ.

ಆದ್ರೆ ಅದು ಖಾಲಿ ಜಾಗ ಆಗಿರಲಿಲ್ಲ. ಖೊಯ್‌ಖೊಯ್ ಜನ ದನ ಮೇಯಿಸುತ್ತಿದ್ದ ನೆಲ. 1657ರಲ್ಲಿ ಆ ಹುಲ್ಲುಗಾವಲನ್ನೇ ಡಚ್ ರೈತರಿಗೆ ಹಂಚಲು ಶುರುಮಾಡಿದ್ರು. ಮರುವರ್ಷ ಗುಲಾಮರನ್ನೂ ಹಡಗಿನಲ್ಲಿ ತಂದಿಳಿಸಿದ್ರು. 1659ರಲ್ಲಿ ಜಗಳ ಹತ್ತಿ ಯುದ್ಧವೇ ಆಯ್ತು. ಸಂಧಿ ಮಾತುಕತೆಯಲ್ಲಿ ಖೊಯ್‌ಖೊಯ್ ಜನ ತಮ್ಮ ನೆಲ ವಾಪಸ್ ಕೇಳಿದ್ರು. ಯುದ್ಧದಲ್ಲಿ ಗೆದ್ದ ನೆಲ ಬಿಡೋದಿಲ್ಲ ಅನ್ನೋದೇ ರೀಬೆಕ್‌ನ ಉತ್ತರ. ಅವರ ದನ ಒಳಗೆ ಬರದಂತೆ ಕಾಡುಬಾದಾಮಿ ಗಿಡಗಳ ಬೇಲಿ ಹಾಕಿಸಿದ. ಅದರ ಒಂದಿಷ್ಟು ಭಾಗ ಈಗಲೂ ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಬದುಕಿದೆ.

1662ರಲ್ಲಿ ಈತ ಕೇಪ್ ಬಿಟ್ಟು ಮಲಾಕ್ಕಾದ ಗವರ್ನರ್ ಆದ. 1677ರಲ್ಲಿ ಬಟಾವಿಯಾ, ಅಂದ್ರೆ ಈಗಿನ ಜಕಾರ್ತದಲ್ಲಿ ತೀರಿಕೊಂಡ.

ಇನ್ನು ಆ ಮುಖದ ವಿಚಾರ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ, ಡಿರ್ಕ್ ಕ್ರೇ ಬರೆದ ತೈಲಚಿತ್ರವನ್ನು ರೀಬೆಕ್‌ನದ್ದು ಅಂತ ನಂಬಿ ನೋಟು, ಅಂಚೆಚೀಟಿಗಳಿಗೆ ಬಳಸಿದ್ರು. ಆಮೇಲೆ ಗೊತ್ತಾಯ್ತು, ಅದು ಬಾರ್ತೊಲೋಮಿಯಸ್ ವರ್ಮೈಡನ್ ಅನ್ನೋ ಬೇರೆಯವನ ಚಿತ್ರ! 1990ರ ದಶಕದ ಶುರುವಿಗೆ ನೋಟುಗಳ ಮೇಲೆ ಆ ಮುಖ ಹೋಗಿ ಆನೆ, ಸಿಂಹ ಬಂದವು. 2012ರಲ್ಲಿ ನೆಲ್ಸನ್ ಮಂಡೇಲಾ ಬಂದ್ರು.

ನೋಟಿನ ಮುಖ ತಪ್ಪಿತ್ತು, ಬದಲಾಯಿತು. ಬೇಲಿ ಮಾತ್ರ ಅವನದ್ದೇ. ಆ ಬೇಲಿಯಾಚೆ ಉಳಿದ ದನಗಾಹಿಗಳ ಮುಖ ಆ ಕಾಲದ ಯಾವ ನೋಟಿನಲ್ಲೂ ಅಚ್ಚಾಗಲಿಲ್ಲ.