ಶಿಕಾಗೋ ಬ್ಯಾಂಡಿನ ಆ ದಪ್ಪ ದನಿ

ಶಿಕಾಗೋ ಬ್ಯಾಂಡ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಪೀಟರ್ ಸೆಟೆರಾ ಹಾಡಿದ ಮೆತ್ತನೆಯ ಪ್ರೇಮಗೀತೆಗಳು. 1969ರ ಮೊದಲ ಆಲ್ಬಮ್ ಹಾಕಿ ನೋಡಿ, ಶುರುವಿನಲ್ಲೇ ಕೇಳೋದು ಬೇರೆ ದನಿ. ದಪ್ಪ, ಸ್ವಲ್ಪ ಒರಟು. ಅದು ಟೆರಿ ಕ್ಯಾತ್‌ನದು.

1946ರಲ್ಲಿ ಶಿಕಾಗೋದಲ್ಲೇ ಹುಟ್ಟಿದ ಕ್ಯಾತ್ ಗಿಟಾರನ್ನು ಬಹುಮಟ್ಟಿಗೆ ತಾನೇ ಕಲಿತವನು. 1967ರಲ್ಲಿ ಗೆಳೆಯರ ಜೊತೆ ತಂಡ ಕಟ್ಟಿದ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್ ಇದ್ದ ರಾಕ್ ತಂಡ. ಹಾಡೋರೇ ಮೂರು ಜನ. ಮೊದಲ ಹಾಡು 'ಇಂಟ್ರೊಡಕ್ಷನ್' ಬರೆದು ಹಾಡಿದ್ದು ಕ್ಯಾತ್. ಅವನು ಸ್ವಲ್ಪ ಹಾಡಿ ಸುಮ್ಮನಾಗ್ತಾನೆ, ಊದುವ ವಾದ್ಯಗಳು ತಾಳ ಬದಲಿಸುತ್ತಾ ಎಲ್ಲೆಲ್ಲೋ ಹೋಗುತ್ತವೆ, ಗಿಟಾರ್ ಬರುತ್ತೆ, ಕೊನೆಗೆ ದನಿ ವಾಪಸ್. ಹಾಡುಗಾರಿಕೆಯೂ ಅಲ್ಲಿ ಇನ್ನೊಂದು ವಾದ್ಯದ ಹಾಗೆ.

ಅದೇ ಆಲ್ಬಮ್ಮಿನ 'ಫ್ರೀ ಫಾರ್ಮ್ ಗಿಟಾರ್' ಸುಮಾರು 7 ನಿಮಿಷ, ಪೆಡಲ್ ಇಲ್ಲದೆ ಬರೀ ಗಿಟಾರ್, ಆಂಪ್ಲಿಫೈಯರ್. ನಮಗೆ ಪರೀಕ್ಷೆಗೆ ಬರೋ ಫೀಡ್‌ಬ್ಯಾಕನ್ನೇ ನುಡಿಸಿದ್ದಾನೆ. (ಹಾಸ್ಟೆಲಲ್ಲಿ ಜೋರಾಗಿ ಹಾಕಬೇಡಿ.) 1970ರ 'ಕಲರ್ ಮೈ ವರ್ಲ್ಡ್' ಅಷ್ಟು ಮೆಲ್ಲಗೆ ಹಾಡಿದ್ದೂ ಇವನೇ ಅಂದ್ರೆ ನಂಬೋದು ಕಷ್ಟ.

1978ರ ಜನವರಿ 23ರಂದು ಲಾಸ್ ಏಂಜಲೀಸ್‌ನಲ್ಲಿ, ಖಾಲಿ ಅಂದುಕೊಂಡ ಪಿಸ್ತೂಲು ಕೈಯಲ್ಲೇ ಸಿಡಿದು ತೀರಿಕೊಂಡ. 32 ತುಂಬಲು ಎಂಟು ದಿನ ಬಾಕಿ ಇತ್ತು. ಅದೇ ವರ್ಷ ಹೊಸ ಗಿಟಾರಿಸ್ಟ್ ಜೊತೆ 'ಹಾಟ್ ಸ್ಟ್ರೀಟ್ಸ್' ಬಂತು. ಅದನ್ನೂ ಕೇಳಿದ್ವಿ. ಊದುವ ವಾದ್ಯಗಳು ಹಾಗೇ ಇವೆ, ಆ ದಪ್ಪ ದನಿ ಇಲ್ಲ.