ದೀಪ ಹಿಡಿದ ಕೈಯಲ್ಲೇ ಲೆಕ್ಕದ ಪುಸ್ತಕ

ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಕ್ಲಿನಿಕಲ್ ಕೋಡರ್. ಹಾಗಂದ್ರೆ ಏನು ಕೆಲಸ ಅಂತ ಊರಲ್ಲಿ ಅಮ್ಮ ಈಗಲೂ ಕೇಳ್ತಾರೆ. ಡಾಕ್ಟರು ಬರೆದದ್ದನ್ನು ಓದಿ ಕಾಯಿಲೆಗೊಂದು, ಆಪರೇಷನ್ನಿಗೊಂದು ಕೋಡ್ ಹಾಕೋದು. ತೀವ್ರ ಅಪೆಂಡಿಸೈಟಿಸ್‌ಗೆ ಕೆ35, ತುರ್ತಾಗಿ ಅಪೆಂಡಿಕ್ಸ್ ತೆಗೆದರೆ ಎಚ್01. ಮೊದಲ ವರ್ಷ ಒಬ್ಬ ರೋಗಿಯ ಸಕ್ಕರೆ ಕಾಯಿಲೆಯ ಕೋಡ್ ಬಿಟ್ಟುಬಿಟ್ಟೆ. ಆಡಿಟ್‌ನಲ್ಲಿ ಸಿಕ್ಕಿಬಿತ್ತು. ಕಾಗದದ ಮೇಲೆ ಆತ ಇದ್ದದ್ದಕ್ಕಿಂತ ಆರೋಗ್ಯವಂತನಾಗಿ ಕಾಣುತ್ತಿದ್ದ. ಆ ಬೇಜಾರಿನಲ್ಲಿದ್ದಾಗ ಓದಿದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನ.

ಶಾಲೆಯಲ್ಲಿ ನಾವು ಕಲಿತದ್ದು ದೀಪ ಹಿಡಿದ ಮಹಿಳೆಯ ಕತೆ. ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಸಿರಿವಂತ ಇಂಗ್ಲಿಷ್ ಮನೆತನದ ಮಗಳು. ನರ್ಸ್ ಆಗೋದಕ್ಕೆ ಮನೆಯವರ ವಿರೋಧವಿತ್ತು. ಬಿಡಲಿಲ್ಲ. 1854ರ ನವೆಂಬರಿನಲ್ಲಿ 38 ನರ್ಸುಗಳೊಂದಿಗೆ, ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಬಂದರು. ಈಗ ಅದು ಇಸ್ತಾಂಬುಲ್‌ನ ಭಾಗ. ಅಲ್ಲಿ ಕೊಳೆಯಷ್ಟೇ ಕೆಟ್ಟದ್ದು ದಾಖಲೆ. ಸತ್ತವರ ಲೆಕ್ಕ ಮೂರು ಪುಸ್ತಕಗಳಲ್ಲಿತ್ತು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾರು ಯಾತರಿಂದ ಸತ್ತರು ಅಂತಲೇ ಗೊತ್ತಿಲ್ಲದಿದ್ದರೆ ತಡೆಯೋದು ಏನನ್ನು?

1856ರಲ್ಲಿ ವಾಪಸ್ ಬಂದ ಮೇಲೆ ಆರೋಗ್ಯ ಕೆಟ್ಟಿತು. ಹಾಸಿಗೆಯಿಂದಲೇ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಲೆಕ್ಕ ಹಾಕಿದರು. ಗಾಯಕ್ಕಿಂತ, ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದಿದ್ದವು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾದರು. ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆಯ ಫಾರಂ ಇರಲಿ ಅನ್ನೋ ಅವರ ಯೋಜನೆ 1860ರ ಅಂತಾರಾಷ್ಟ್ರೀಯ ಸಮ್ಮೇಳನದ ಮುಂದೆ ಬಂತು. ಆಪರೇಷನ್‌ಗಳಿಗೆ ಬೇರೆಯೇ ಪಟ್ಟಿ ಸೂಚಿಸಿದರು: ವಯಸ್ಸು, ಕಾರಣ, ಆಮೇಲೆ ಬಂದ ತೊಡಕು, ಕೊನೆಗೆ ಏನಾಯಿತು.

ಆದರೆ ನೋಡಿ, ಅವರಿಗೂ ಲೆಕ್ಕ ಕೈಕೊಟ್ಟಿತು. 1863ರ ಪುಸ್ತಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳಲ್ಲಿ ನೂರಕ್ಕೆ 90ರಷ್ಟು ಸಾವು ಅಂತ ಅಚ್ಚಾಯಿತು. ಫಾರ್ ಅವರ ಲೆಕ್ಕ ಅದು. ಇಡೀ ವರ್ಷದ ಸಾವುಗಳನ್ನು ಒಂದೇ ದಿನ ಒಳಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ವೈದ್ಯರು ಸುಮ್ಮನಿರಲಿಲ್ಲ, ತರಾಟೆಗೆ ತೆಗೆದುಕೊಂಡರು. ಇದನ್ನು ಓದಿದಾಗ ನನಗೆ ಧೈರ್ಯವೂ ಬಂತು, ಭಯವೂ ಆಯಿತು. ಎಂಥವರ ಕೈಯಲ್ಲೂ ಅಂಕಿ ಜಾರುತ್ತೆ. ಅದಕ್ಕೇ ಇನ್ನೊಬ್ಬರು ತಿರುಗಿ ನೋಡಬೇಕು.

ಅವರ ಫಾರಂ ಬಹಳ ಕಾಲ ನಿಲ್ಲಲಿಲ್ಲ. ಆದರೆ ರೋಗಗಳಿಗೆ ಎಲ್ಲ ಕಡೆ ಒಂದೇ ಹೆಸರು ಬೇಕೆಂಬ ಫಾರ್ ಅವರ ವಿಚಾರ ಬೆಳೆದು, ನಾನು ದಿನಾ ಬಳಸುವ ಐಸಿಡಿ ಪಟ್ಟಿಗೆ ದಾರಿಯಾಯಿತು. ನೈಟಿಂಗೇಲ್ 1910ರ ಆಗಸ್ಟ್ 13ರಂದು ತೀರಿಕೊಂಡರು.

ಈಗ ನನಗೆ ಅನುಮಾನ ಬಂದರೆ ಊಹೆ ಮಾಡಲ್ಲ, ಸರ್ಜನ್ನರನ್ನೇ ಹೋಗಿ ಕೇಳ್ತೀನಿ. ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರೇ, ಶಿಫ್ಟ್ ಮುಗಿಯುವ ಹೊತ್ತಿಗೆ ಎಷ್ಟು ಸುಸ್ತಾಗಿದ್ದರೂ ಆ ಒಂದು ಸಾಲು ಬಿಡಿಸಿ ಬರೆಯಿರಿ. ಬರೆಯದೇ ಬಿಟ್ಟದ್ದಕ್ಕೆ ನನ್ನ ಹತ್ತಿರ ಕೋಡ್ ಇಲ್ಲ.