ಗಂಟೆಯ ಸದ್ದನ್ನು ಚಿತ್ರದಲ್ಲಿ ಕೇಳಿಸಿದ ಮಿಲೆ

ಮುಸ್ಸಂಜೆಯ ಬೆಳಕನ್ನು ಚಿತ್ರಿಸಿದ ಕಲಾವಿದರು ಬಹಳ ಮಂದಿ. ಆದರೆ ಮುಸ್ಸಂಜೆಯ ಸದ್ದನ್ನೂ ಚಿತ್ರಿಸಿದವರು ಎಂದಾಗ ನನಗೆ ಮೊದಲು ನೆನಪಾಗುವುದು ಫ್ರಾನ್ಸಿನ ಝಾನ್ ಫ್ರಾನ್ಸ್ವಾ ಮಿಲೆ.

ಮಿಲೆ ಹುಟ್ಟಿದ್ದು 1814ರಲ್ಲಿ, ನಾರ್ಮಂಡಿಯ ಕಡಲ ದಂಡೆಯ ಗ್ರುಶಿ ಎಂಬ ಪುಟ್ಟ ಹಳ್ಳಿಯಲ್ಲಿ. ರೈತ ಕುಟುಂಬ. ಅಪ್ಪನ ಜೊತೆ ಅಮ್ಮನೂ ಹೊಲದಲ್ಲಿ ದುಡಿಯುತ್ತಿದ್ದುದರಿಂದ ಮಕ್ಕಳನ್ನು ಬೆಳೆಸಿದ್ದು ಹೆಚ್ಚಾಗಿ ಅಜ್ಜಿ. ಹೊಲದಲ್ಲಿದ್ದಾಗ ಚರ್ಚಿನ ಗಂಟೆ ಕೇಳಿಸಿದರೆ ಸಾಕು, ಅಜ್ಜಿ ಎಲ್ಲರ ಕೆಲಸ ನಿಲ್ಲಿಸಿ, ತೀರಿಹೋದ ಬಡವರಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದರು.

ಚಿತ್ರಕಲೆ ಕಲಿಯಲು 1837ರಲ್ಲಿ ಪ್ಯಾರಿಸ್‌ಗೆ ಹೋದ ಮಿಲೆ, 1849ರಲ್ಲಿ ಸಂಗಾತಿ ಕ್ಯಾಥರೀನ್ ಮತ್ತು ಮಕ್ಕಳೊಂದಿಗೆ ಬಾರ್ಬಿಜೋನ್ ಹಳ್ಳಿಯಲ್ಲಿ ನೆಲೆಸಿದರು. ಚಿತ್ರಗಳು ಬೆಳೆದವು, ಸಂಸಾರವೂ ಬೆಳೆಯಿತು, ಕೈ ಮಾತ್ರ ಬರಿದಾಗಿಯೇ ಇತ್ತು. 1851ರಲ್ಲಿ ಅಜ್ಜಿ, 1853ರಲ್ಲಿ ಅಮ್ಮ ತೀರಿಕೊಂಡರು. ಇಬ್ಬರ ಕೊನೆಗಾಲದಲ್ಲೂ ಮಿಲೆ ಹತ್ತಿರ ಇರಲಿಲ್ಲ. ಊರು ಬಿಟ್ಟು ಬದುಕುವ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಅಜ್ಜಿಯ ಆ ನೆನಪಿನಿಂದಲೇ ಮಿಲೆ 1857ರಿಂದ 1859ರ ನಡುವೆ ‘ದಿ ಏಂಜೆಲಸ್’ ಚಿತ್ರಿಸಿದರು. ಕ್ಯಾಥೊಲಿಕರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆಯ ಸದ್ದಿಗೆ ಹೇಳುವ ಪ್ರಾರ್ಥನೆಯ ಹೆಸರದು.

ವೃತ್ತಿಯಲ್ಲಿ ನಾನು ಸಾಫ್ಟ್‌ವೇರ್ ಇಂಜಿನಿಯರ್. ಪರಿಣಾಮ ಕಂಡರೆ ಕಾರಣ ಹುಡುಕುವುದೇ ಕೆಲಸ. ಈ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಹುಡುಕಿದೆ. ಗಂಟೆ ಎಲ್ಲೂ ಇಲ್ಲ. ಇರುವುದು ಆಲೂಗಡ್ಡೆ ಅಗೆಯುತ್ತಿದ್ದ ಒಬ್ಬ ಗಂಡಸು, ಒಬ್ಬ ಹೆಂಗಸು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಅವಳು ಕೈ ಜೋಡಿಸಿ ತಲೆ ಬಾಗಿಸಿದ್ದಾಳೆ. ಅಗೆಯುವ ಕವಲುಗೋಲು ಮಣ್ಣಿನಲ್ಲಿ ನೆಟ್ಟಂತೆ ನಿಂತಿದೆ, ಬುಟ್ಟಿ ನೆಲದಲ್ಲಿದೆ, ಮೂಟೆ ಹೊತ್ತ ಕೈಗಾಡಿ ಹಿಂದೆ ನಿಂತಿದೆ. ಬಹು ದೂರದಲ್ಲಿ, ದಿಗಂತದ ಅಂಚಿನಲ್ಲಿ, ಚರ್ಚಿನ ಚೂಪು ಗೋಪುರ. ಅಷ್ಟೂ ಚಲನೆ ಒಮ್ಮೆಗೇ ನಿಂತಿರುವುದಕ್ಕೆ ಕಾರಣ ಆ ಗೋಪುರದಿಂದ ಬಂದ ಸದ್ದು ಎಂದು ನಮ್ಮ ಮನಸ್ಸೇ ಹೇಳಿಕೊಳ್ಳುತ್ತದೆ. ಬೆಳಕೂ ಹಾಗೆಯೇ. ಆಕಾಶದಲ್ಲಿ ಹೊಂಬಣ್ಣ ಇನ್ನೂ ಉಳಿದಿದೆ. ಹೊಲ ಕಪ್ಪಾಗುತ್ತಿದೆ, ಇಬ್ಬರ ಮುಖಗಳೂ ನೆರಳಿನಲ್ಲಿವೆ. ಮುಖಭಾವ ಕಾಣದಿರುವುದರಿಂದಲೇ ನಾವು ಕಿವಿಗೊಡುತ್ತೇವೆ.

ಮಿಲೆಗೆ ಈ ಚಿತ್ರದಿಂದ ಸಿಕ್ಕಿದ್ದು ಸುಮಾರು 1,000 ಫ್ರಾಂಕ್. ಅವರು 1875ರ ಜನವರಿ 20ರಂದು ಬಾರ್ಬಿಜೋನ್‌ನಲ್ಲಿ ತೀರಿಕೊಂಡರು. 1889ರ ಹರಾಜಿನಲ್ಲಿ ಇದೇ ಚಿತ್ರದ ಬೆಲೆ ಐದೂವರೆ ಲಕ್ಷ ಫ್ರಾಂಕ್ ದಾಟಿತು. ಮನೆಯವರಿಗೆ ಅದರಲ್ಲಿ ಪಾಲಿರಲಿಲ್ಲ. ಕಲಾಕೃತಿ ಮರುಮಾರಾಟವಾದಾಗ ಕಲಾವಿದರಿಗೂ ವಾರಸುದಾರರಿಗೂ ಪಾಲು ಕೊಡುವ ಕಾನೂನು ಫ್ರಾನ್ಸಿನಲ್ಲಿ 1920ರಲ್ಲಿ ಬಂತು. ಅದರ ಮಾತು ಬಂದಾಗಲೆಲ್ಲ ಜನ ಈ ಚಿತ್ರದ ಕಥೆಯನ್ನು ನೆನೆಯುತ್ತಾರೆ.

ಚಿತ್ರ ಈಗ ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿದೆ. ಅಗಲ 66 ಸೆಂಟಿಮೀಟರ್, ಎತ್ತರ ಅದಕ್ಕಿಂತ ಕಡಿಮೆ. ನಿಮ್ಮ ಮೊಬೈಲಿನಲ್ಲೂ ನೋಡಬಹುದು. ಮೊದಲು ದೂರದ ಗೋಪುರ ನೋಡಿ, ಆಮೇಲೆ ಆ ಹೆಂಗಸಿನ ಕೈಗಳನ್ನು. ಮಿಲೆಯ ಅಜ್ಜಿ ನಿಲ್ಲುತ್ತಿದ್ದದ್ದು ಹಾಗೆಯೇ ಇರಬೇಕು.